ಬಡವನ ಗಾಳಿ ಮೊದಲು

ಹಾಸನಕ್ಕೆ ಸಮುದ್ರವಿಲ್ಲ. ಹಾಗಾಗಿ ನಾನು ಸ್ಕೂಬಾ ಸಿಲಿಂಡರಿಗೆ ಗಾಳಿ ತುಂಬುವ ಕೆಲಸದಲ್ಲಿದ್ದೆ ಅಂದರೆ ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಮೊದಲು ನಗುತ್ತಾರೆ, ಆಮೇಲೆ ಸೈಕಲ್ ಶಾಪೇ ಅಂತ ಕೇಳುತ್ತಾರೆ. ಕೇಳಲಿ. ಸಮುದ್ರವಿಲ್ಲದಿದ್ದರೇನಂತೆ, ಗೊರೂರಿನ ಹಿನ್ನೀರಿದೆ, ಹೊಳೆನರಸೀಪುರದ ಮಗ್ಗುಲಲ್ಲೇ ಹೇಮಾವತಿ ಹರಿಯುತ್ತಾಳೆ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನಾಲೆಗಳಿವೆ, ಊರೂರಿಗೂ ಕೆರೆಯಿದೆ. ಇಷ್ಟು ನೀರಿದ್ದ ಮೇಲೆ ಬೀಳುವವರು ಬೀಳುತ್ತಾರೆ, ತೂಬು ಕಟ್ಟಿಕೊಳ್ಳುತ್ತದೆ, ಯಾರಾದರೂ ಒಬ್ಬರು ಕೆಳಗಿಳಿಯಲೇಬೇಕು. ಹಾಗೆ ಇಳಿಯುವವನ ಬೆನ್ನಿಗೆ ಉಸಿರು ಹೊರಿಸಿ ಕಳಿಸುತ್ತಿದ್ದವನು ನಾನು.

ಈಗ ನಿವೃತ್ತನಾಗಿದ್ದೇನೆ. ನಮ್ಮ ಮುಳುಗು ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಅಂತ ಕೇಳಿದ್ದಾರೆ. ಬಡ್ತಿ ಯಾವಾಗ ಬಂತು, ಯಾರ ಕೈಯಿಂದ ಬಂತು ಎನ್ನುವುದೆಲ್ಲ ನಿಮಗೆ ಬೇಡ. ನನಗೂ ಅದು ಸರಿಯಾಗಿ ನೆನಪಿಲ್ಲ. ಆದರೆ ಯಾವ ದಿನ ಯಾವ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಎಲ್ಲಿ ನಿಂತಿತ್ತು ಅಂತ ಕೇಳಿ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಜಂಬ ಅಂತೀರಾ? ಹೌದು, ಜಂಬವೇ. ಇಷ್ಟು ವರ್ಷ ಗಾಳಿ ತುಂಬಿದವನಿಗೆ ಅಷ್ಟೂ ಇರಬಾರದೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರಿಂದ ಕೇಳಿ ನಗುವುದು ಬೇಡ. ನನಗೆ ಈಜು ಬರುವುದಿಲ್ಲ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಎದೆ ಡವಡವ ಅನ್ನುತ್ತದೆ. ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಜೈನರ ಮನೆಯವನು. ನಮ್ಮಮ್ಮ ಬಟ್ಟೆಯಲ್ಲಿ ಸೋಸದ ನೀರನ್ನು ಲೋಟಕ್ಕೆ ಬಿಟ್ಟವಳಲ್ಲ. ಕೆರೆಯಲ್ಲಿ ಹೆಣ ಹುಡುಕುವ ತಂಡಕ್ಕೆ ಮಗ ಸೇರಿದ ಅಂತ ತಿಳಿದಾಗ ಮುಖ ಇಷ್ಟು ಸಣ್ಣ ಮಾಡಿಕೊಂಡು, ನೀನು ನೀರಿಗೆ ಇಳಿಯಲ್ಲ ತಾನೇ ಅಂತ ಕೇಳಿದಳು. ಇಲ್ಲಮ್ಮ, ದಡದಲ್ಲಿ ಕೂತು ಗಾಳಿ ತುಂಬುವುದಷ್ಟೇ ಅಂದೆ. ಗಾಳಿಗೆ ಮೈಲಿಗೆಯಿಲ್ಲ ಅಂತ ಸಮಾಧಾನ ಮಾಡಿಕೊಂಡಳು. ಆದರೆ ಒಂದು ಕರಾರು ಹಾಕಿದಳು: ಎಲ್ಲೇ ಇರು, ಹೊತ್ತು ಮುಳುಗುವ ಮುಂಚೆ ಉಂಡುಬಿಡಬೇಕು. ನಮ್ಮಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ. ತಂಡದವರಿಗೆ ಇದು ಗೊತ್ತಾಗಿ, ಯಾವ ಕೆರೆಯ ಏರಿಯ ಮೇಲಿದ್ದರೂ ಬಿಸಿಲು ಕೆಂಪಾಗುತ್ತಿದ್ದಂತೆ ಯಾರಾದರೂ ಒಬ್ಬರು ನನ್ನ ಡಬ್ಬಿ ತಂದು ಮುಂದಿಡುತ್ತಿದ್ದರು. ಹೆಚ್ಚಾಗಿ ಅದು ರಂಗಸ್ವಾಮಿ. ಕಟ್ಟಾಯದ ಕಡೆಯವನು, ನಮ್ಮ ತಂಡದ ಮುಖ್ಯ ಮುಳುಗುಗಾರ, ನನಗಿಂತ ಸ್ವಲ್ಪ ಚಿಕ್ಕವನು. ಅವನು ಕೆಳಗೆ, ನಾನು ಮೇಲೆ. ಹಾಗೆಯೇ ನಮ್ಮಿಬ್ಬರ ಅರ್ಧ ಆಯಸ್ಸು ಕಳೆಯಿತು.

ಈಗ ಕೆಲಸಕ್ಕೆ ಬರೋಣ. ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ. ನೀವು ನಾನು ಈಗ ಎಳೆದುಕೊಳ್ಳುತ್ತಿರುವ ಇದೇ ಗಾಳಿ, ತುರುಕಿ ತುರುಕಿ ಇಟ್ಟದ್ದು. ಪತ್ರಿಕೆಯವರು ಪ್ರತಿಸಲವೂ ಆಕ್ಸಿಜನ್ ಅಂತಲೇ ಬರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ. ಗಾಳಿ ತುರುಕುವ ಕಂಪ್ರೆಸರ್ ಹಾಸನದಲ್ಲಿ, ನಮ್ಮ ಶೆಡ್ಡಿನಲ್ಲಿ ಇತ್ತು. ಅದನ್ನು ಎತ್ತಿಕೊಂಡು ಕೆರೆ ಕೆರೆಗೆ ಓಡಾಡುವ ಹಾಗಿರಲಿಲ್ಲ. ಅದಕ್ಕೇ ಐವತ್ತು ಲೀಟರಿನ ಮೂರು ದೊಡ್ಡ ಸಿಲಿಂಡರುಗಳಲ್ಲಿ ಗಾಳಿ ತುಂಬಿಕೊಂಡು ಜೀಪಿನ ಹಿಂದೆ ಹೇರಿಕೊಂಡು ಹೋಗುತ್ತಿದ್ದೆವು. ಅಲ್ಲಿ, ದಡದಲ್ಲಿ, ದೊಡ್ಡದರಿಂದ ಮುಳುಗುಗಾರನ ಹನ್ನೆರಡು ಲೀಟರಿನ ಚಿಕ್ಕ ಸಿಲಿಂಡರಿಗೆ ಪೈಪು ಹಾಕಿ ಗಾಳಿ ವರ್ಗ ಮಾಡುವುದು. ಇಷ್ಟೇ ನನ್ನ ಉದ್ಯೋಗ. ಕೇಳಲಿಕ್ಕೆ ಸುಲಭ.

ಎರಡು ಡ್ರಮ್ಮುಗಳಿಗೆ ತಳದಲ್ಲಿ ಪೈಪು ಹಾಕಿ ಸೇರಿಸಿದರೆ ಏನಾಗುತ್ತದೆ? ತುಂಬಿದ್ದರಿಂದ ಖಾಲಿ ಇದ್ದದ್ದಕ್ಕೆ ನೀರು ಹರಿದು, ಎರಡರಲ್ಲೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗಾಳಿಯೂ ಹಾಗೆಯೇ. ಮಟ್ಟದ ಬದಲು ಒತ್ತಡ, ಅದನ್ನು ಬಾರ್ ಅಂತ ಅಳೆಯುತ್ತೇವೆ. ಸಿಲಿಂಡರಿನ ಲೀಟರನ್ನು ಒತ್ತಡದಿಂದ ಗುಣಿಸಿ, ಒಳಗಿರುವ ಗಾಳಿ ಸಿಗುತ್ತದೆ. ಎರಡರ ಗಾಳಿಯನ್ನೂ ಕೂಡಿಸಿ. ಎರಡರ ಲೀಟರನ್ನೂ ಕೂಡಿಸಿ. ಅದನ್ನು ಇದರಿಂದ ಭಾಗಿಸಿದರೆ ಮುಳ್ಳು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಪೈಪು ಹಾಕುವ ಮುಂಚೆಯೇ ಹೇಳಬಹುದು. ಐವತ್ತು ಲೀಟರಿನದು ಇನ್ನೂರು ಬಾರ್, ಹನ್ನೆರಡು ಲೀಟರಿನದು ಐವತ್ತು ಬಾರ್ ಇದ್ದರೆ ಎರಡೂ ನೂರ ಎಪ್ಪತ್ತೊಂದಕ್ಕೆ ಬಂದು ನಿಲ್ಲುತ್ತವೆ. ಎಷ್ಟು ಹೊತ್ತು ಕಾದರೂ ಅದಕ್ಕಿಂತ ಮೇಲೆ ಏರುವುದಿಲ್ಲ.

ಇದನ್ನು ನನ್ನ ತಲೆಗೆ ಇಳಿಸಿದವರು ನಮ್ಮ ಅಧಿಕಾರಿ ನಂಜುಂಡಯ್ಯ ಸಾಹೇಬರು. ಬೆಳಿಗ್ಗೆ ಶೆಡ್ಡಿಗೆ ಬಂದರೆ ಹೊಸ್ತಿಲ ಒಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಲೆಕ್ಕ ಬರೆದಿರುತ್ತಿತ್ತು. ಉತ್ತರ ಹೇಳದೆ ಯಾರೂ ಅದನ್ನು ದಾಟುವ ಹಾಗಿಲ್ಲ. ಮಳೆ ಬರುತ್ತಿದ್ದರೂ ಅಷ್ಟೇ, ಬಾಗಿಲಾಚೆ ನೆನೆಯುತ್ತಾ ನಿಂತು ಭಾಗಾಕಾರ ಮಾಡಬೇಕು. ಒಂದು ಸಲ ಅವರಿಗಿಂತ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದವರು ಲೆಕ್ಕವನ್ನು ತುಳಿದುಕೊಂಡು ಒಳಗೆ ಬಂದರು. ಸಾಹೇಬರು ಸೆಲ್ಯೂಟ್ ಹೊಡೆದರು, ಅವರ ಜೊತೆ ಶೆಡ್ಡೆಲ್ಲ ಸುತ್ತಿದರು, ಕಾರಿನ ತನಕ ಬಿಟ್ಟು ಬಂದರು. ಆಮೇಲೆ ಅಳಿಸಿಹೋದ ಅಂಕಿಗಳನ್ನು ಮತ್ತೆ ಬರೆದು, ನೀವು ದಾಟಬೇಡಿ ಅಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಆದರೆ ಅವರ ಕೈಕೆಳಗೆ ಕಲಿತೆ ಅನ್ನುವುದನ್ನು ಇವತ್ತಿಗೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ.

ಅರಕಲಗೂಡಿನ ಬಸವರಾಜು ಹೊಸದಾಗಿ ಮುಳುಗುಗಾರನಾಗಿ ಸೇರಿದ್ದ ಕಾಲ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹೊಳೆನರಸೀಪುರಕ್ಕೆ ಹೊರಡುವ ಅವಸರದಲ್ಲಿ ನಾನು ಊಟಕ್ಕೆ ಕೂತಿದ್ದಾಗ, ಅಣ್ಣ ನೀವು ಉಣ್ಣಿ, ನಾನು ತುಂಬುತ್ತೇನೆ ಅಂತ ವಾಲ್ವನ್ನು ಪೂರ್ತಿ ತಿರುಗಿಸಿ ಬುಸ್ ಅಂತ ಒಂದೇ ಉಸಿರಿಗೆ ತುಂಬಿಬಿಟ್ಟ. ಮುಳ್ಳು ತುಂಬ ಚೆಂದ ಮೇಲೆ ನಿಂತಿತ್ತು. ಹೊಳೆ ದಡಕ್ಕೆ ಹೋಗಿ ನೋಡಿದರೆ ಸರಿಯಾಗಿ ಕೆಳಗಿಳಿದಿದೆ. ಸೋರಿದೆ ಅಂತ ನಾವಿಬ್ಬರೂ ಸಿಲಿಂಡರನ್ನು ನೀರಿನಲ್ಲಿ ಅದ್ದಿ ಗುಳ್ಳೆ ಬರುತ್ತದಾ ಅಂತ ಬಗ್ಗಿ ಬಗ್ಗಿ ನೋಡಿದೆವು, ಹೊರಳಿಸಿ ಹೊರಳಿಸಿ ನೋಡಿದೆವು. ಒಂದು ಗುಳ್ಳೆಯೂ ಇಲ್ಲ. ಸಾಹೇಬರು ಕಲ್ಲಿನ ಮೇಲೆ ಕೂತು ಸುಮ್ಮನೆ ನೋಡುತ್ತಲೇ ಇದ್ದರು. ನಮ್ಮ ಸೊಂಟ ಬಿದ್ದುಹೋದ ಮೇಲೆ ವಿಷಯ ಹೇಳಿದರು: ಗಾಳಿಯನ್ನು ಅವಸರದಲ್ಲಿ ತುರುಕಿದರೆ ಅದು ಬಿಸಿಯಾಗುತ್ತದೆ, ಬಿಸಿಗಾಳಿ ಮುಳ್ಳನ್ನು ಮೇಲೆ ತಳ್ಳುತ್ತದೆ, ತಣ್ಣಗಾದ ಮೇಲೆ ನಿಜ ಗೊತ್ತಾಗುತ್ತದೆ. ಮೊದಲೇ ಹೇಳಬಹುದಿತ್ತಲ್ಲ ಸಾರ್ ಅಂತ ನಾನು ಗೊಣಗಿದೆ. ಹೇಳಿದ್ದರೆ ಮರೆಯುತ್ತಿದ್ದೆ, ಈಗ ಸೊಂಟ ನೆನಪಿಟ್ಟುಕೊಳ್ಳುತ್ತೆ ಅಂದರು. ಅಂದಿನಿಂದ ಚಿಕ್ಕ ಸಿಲಿಂಡರನ್ನು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ಕೈಯಿಟ್ಟರೆ ಬೆಚ್ಚಗೂ ಅನ್ನಿಸದಷ್ಟು ನಿಧಾನವಾಗಿ ತುಂಬುವುದು ನನ್ನ ಪದ್ಧತಿಯಾಯಿತು. ನಿಧಾನ ಅಂತ ಎಷ್ಟು ಜನ ಬೈದರೂ ಬಿಡಲಿಲ್ಲ.

ಎರಡನೆಯ ಪಾಠ ಅದೇ ಹೊಳೆ ದಡದಲ್ಲಿ, ಅದೇ ಬಸವರಾಜು ಕೈಯಲ್ಲಿ ಆಯಿತು. ಅದು ನಗುವ ವಿಷಯವಲ್ಲ. ನಮ್ಮ ಮೂರು ದೊಡ್ಡ ಸಿಲಿಂಡರುಗಳಲ್ಲಿ ಯಾವಾಗಲೂ ಒಂದರಲ್ಲಿ ಗಾಳಿ ಕಡಿಮೆ, ಒಂದರಲ್ಲಿ ನಡುಮಧ್ಯ, ಒಂದರಲ್ಲಿ ಜಾಸ್ತಿ ಇರುತ್ತಿತ್ತು. ಶೆಡ್ಡಿನ ಭಾಷೆಯಲ್ಲಿ ಅವು ಬಡವ, ನಡುವಿನವ, ಸಾಹುಕಾರ. ತುಂಬುವಾಗ ಬಡವನಿಂದ ಶುರು ಮಾಡಬೇಕು. ಅವನಿಂದ ಬರುವಷ್ಟು ಬಂದ ಮೇಲೆ ನಡುವಿನವ. ಕೊನೆಗೆ ಸಾಹುಕಾರ. ಅವತ್ತು ಹೊಳೆಯಲ್ಲಿ ಒಬ್ಬ ಮುಳುಗಿಹೋಗಿದ್ದ, ಮನೆಯವರೆಲ್ಲ ದಡದಲ್ಲಿ ಕೂತಿದ್ದರು. ಬಡವ ನೂರು, ನಡುವಿನವ ನೂರ ಐವತ್ತು, ಸಾಹುಕಾರ ಇನ್ನೂರು, ಚಿಕ್ಕವು ಐವತ್ತು ಬಾರ್ ಇದ್ದವು. ನಾನು ಇನ್ನೊಂದು ಕಡೆ ಇದ್ದಾಗ ಬಸವರಾಜು ಸೀದಾ ಸಾಹುಕಾರನಿಗೆ ಪೈಪು ಹಾಕಿದ್ದ. ಮೊದಲ ಸಿಲಿಂಡರು ನೂರ ಎಪ್ಪತ್ತೊಂದು ಬಂತು, ಪರವಾಗಿಲ್ಲ ಅನ್ನಿಸಿತು. ಎರಡನೆಯದಕ್ಕೆ ಹಾಕಿದಾಗ ನೂರ ಐವತ್ತು ಮುಟ್ಟುವುದರೊಳಗೆ ನಿಂತುಹೋಯಿತು. ಕ್ರಮವಾಗಿ ತುಂಬಿದ್ದರೆ ಮೊದಲನೆಯದು ನೂರ ಎಂಬತ್ತೆಂಟು, ಎರಡನೆಯದು ನೂರ ಎಪ್ಪತ್ತಾರು ಬರುತ್ತಿತ್ತು. ಗಾಳಿ ಸಾಲದೆ ರಂಗಸ್ವಾಮಿ ಬೇಗ ಮೇಲೆ ಬರಬೇಕಾಯಿತು. ಹುಡುಕುವುದು ಮಾರನೆಯ ದಿನಕ್ಕೆ ಹೋಯಿತು. ಆ ಮನೆಯವರು ಇಡೀ ರಾತ್ರಿ ದಡ ಬಿಟ್ಟು ಏಳಲಿಲ್ಲ.

ಸಾಹೇಬರು ಬೈದಾಗ ಬಸವರಾಜು ತಲೆ ತಗ್ಗಿಸಿ ಅಂದ: "ಬಡವಂತಾವ ಇರದೇ ಒಸಿ ಸಾ. ಸಾಹುಕಾರ ಅಲ್ಲೇ ತುಂಬ್ಕಂಡು ನಿಂತವ್ನೆ. ಬಡವಂದ್ಯಾಕೆ ಮೊದ್ಲು ಕಿತ್ಕಳದು ಅನ್ನುಸ್ತು."

ಸಾಹೇಬರ ಸಿಟ್ಟು ಅರ್ಧ ಇಳಿದುಹೋಯಿತು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮರಳಿನ ಮೇಲೆ ಲೆಕ್ಕ ಬರೆದರು. ಚಿಕ್ಕ ಸಿಲಿಂಡರು ಖಾಲಿ ಇದ್ದಾಗ ಮಾತ್ರ ಬಡವನ ಗಾಳಿ ಅದಕ್ಕೆ ಹರಿಯುತ್ತದೆ. ಒಮ್ಮೆ ಸಾಹುಕಾರ ತುಂಬಿಬಿಟ್ಟರೆ ಅಲ್ಲಿನ ಒತ್ತಡ ಬಡವನನ್ನು ಮೀರಿಸುತ್ತದೆ, ಅವನಲ್ಲಿದ್ದದ್ದು ಯಾರಿಗೂ ಬಾರದೆ ಅಲ್ಲೇ ಉಳಿಯುತ್ತದೆ. "ಬಡವನ ಗಾಳಿಗೂ ಬೆಲೆ ಇರ್ಬೇಕು ಅಂದ್ರೆ ಅವನ ಹತ್ರ ಮೊದಲು ಹೋಗ್ಬೇಕು ಕಣಯ್ಯಾ" ಅಂದರು. ಬಸವರಾಜು ಮತ್ತೆ ಆ ತಪ್ಪು ಮಾಡಲಿಲ್ಲ, ಆದರೆ ನಿಮ್ಮಂಥ ಹೊಸಬರು ಬಂದಾಗಲೆಲ್ಲ ಅದೇ ತಪ್ಪು ಮಾಡುವುದನ್ನು ಕಂಡಿದ್ದೇನೆ. ಅವಸರವಿದ್ದಾಗ ಕೈ ತಾನಾಗಿ ತುಂಬಿದ್ದರ ಕಡೆಗೇ ಹೋಗುತ್ತದೆ.

ಅಲ್ಲಿಂದ ಮುಂದೆ ಸಾಹೇಬರು ಒಂದು ಕಟ್ಟಳೆ ತಂದರು. ನೀರಿಗೆ ಇಳಿಯುವವನು ಇಳಿಯುವ ಮುಂಚೆ ಮೂರು ದೊಡ್ಡ ಸಿಲಿಂಡರುಗಳ ಮುಳ್ಳನ್ನೂ ತಾನೇ ನೋಡಿ ಗಟ್ಟಿಯಾಗಿ ಓದಬೇಕು. ಮೇಲೆ ಎಷ್ಟು ಗಾಳಿಯಿದೆ ಅಂತ ಕೆಳಗೆ ಹೋಗುವವನಿಗೆ ಗೊತ್ತಿರಬೇಕು ಅನ್ನುವುದು ಅವರ ವಾದ. ರಂಗಸ್ವಾಮಿ ಅದನ್ನು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ರಾಗವಾಗಿ ಓದುತ್ತಿದ್ದ. ನಮಗೆ ತಮಾಷೆ ಅನ್ನಿಸುತ್ತಿತ್ತು.

ಇನ್ನು ಆ ದಿನದ ಮಾತು. ಅರಕಲಗೂಡು ಕಡೆಯ ಒಂದು ಕೆರೆ, ಹೆಸರು ಬೇಡ. ಮಳೆ ಜೋರಾಗಿ ಕೆರೆ ಕೋಡಿ ಬಿದ್ದಿತ್ತು, ಏರಿಯ ಒಂದು ಮಗ್ಗುಲಲ್ಲಿ ನೀರು ಜಿನುಗಲು ಶುರುವಾಗಿತ್ತು. ತೂಬು ತೆಗೆದು ನೀರು ಬಿಡೋಣ ಅಂದರೆ ಬುಡದಲ್ಲಿ ಒಂದು ಮರದ ದಿಮ್ಮಿ ಬಂದು ಸಿಕ್ಕಿಕೊಂಡಿದೆ. ಏರಿಯ ಕೆಳಗೆ ಗದ್ದೆ, ಗದ್ದೆಯ ಆಚೆ ಮನೆಗಳು. ನಮ್ಮ ಗ್ರಹಚಾರಕ್ಕೆ ಕಂಪ್ರೆಸರ್ ಆ ವಾರ ರಿಪೇರಿಗೆ ಬಿಚ್ಚಿಕೊಂಡು ಕೂತಿತ್ತು. ಇದ್ದಷ್ಟು ಗಾಳಿ ಹೇರಿಕೊಂಡು ಬಂದಿದ್ದೆವು. ಬೆಳಿಗ್ಗೆಯಿಂದ ಇಳಿದು ಹತ್ತಿ ಅದೂ ಕರಗಿತ್ತು. ಸಂಜೆಯ ಹೊತ್ತಿಗೆ ರಂಗಸ್ವಾಮಿ ಮತ್ತೊಮ್ಮೆ ಇಳಿಯಲು ಸಿದ್ಧನಾಗಿ, ಕಟ್ಟಳೆಯ ಪ್ರಕಾರ ಮುಳ್ಳು ಓದಿದ. ಬಡವ ಅರವತ್ತು, ನಡುವಿನವ ತೊಂಬತ್ತು, ಸಾಹುಕಾರ ನೂರ ನಲವತ್ತು. ಓದಿ, ನನ್ನ ಡಬ್ಬಿಯನ್ನು ಜೀಪಿನಿಂದ ತಂದು ಡ್ರಮ್ಮಿನ ಪಕ್ಕ ಇಟ್ಟು, "ಒತ್ತು ಮುಳುಗ್ತದೆ, ನಾ ಬರಾದ್ರೊಳ್ಗೆ ಉಂಡ್ಬುಡು" ಅಂತ ಹೇಳಿ ನೀರಿಗಿಳಿದ.

ನಾನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ರಂಗಸ್ವಾಮಿಯ ಸೊಂಟಕ್ಕೆ ಕಟ್ಟಿ ಸಾಹೇಬರು ಹಿಡಿದಿದ್ದ ಹಗ್ಗ ಎಡೆಬಿಡದೆ ಜಗ್ಗತೊಡಗಿತು. ಅಪಾಯ ಅಂತ ಅದರ ಅರ್ಥ. ಬಸವರಾಜು ಇಳಿದು ನೋಡಿ ಬಂದ. ದಿಮ್ಮಿ ಸಡಿಲವಾಗಿದ್ದು ನಿಜ, ಆದರೆ ಹೊರಳಿ ರಂಗಸ್ವಾಮಿಯ ಕಾಲನ್ನು ತೂಬಿನ ಕಲ್ಲಿಗೆ ಒತ್ತಿ ಹಿಡಿದುಬಿಟ್ಟಿತ್ತು. ನೀರಿನೊಳಗೇ ಗರಗಸ ಹಾಕಿ ದಿಮ್ಮಿ ಕೊಯ್ಯಬೇಕು, ಬೇರೆ ದಾರಿಯಿಲ್ಲ. ಕೊಯ್ದು ಮುಗಿಯುವ ತನಕ ರಂಗಸ್ವಾಮಿಗೆ ಗಾಳಿ ಬೇಕು. ಅವನ ಬೆನ್ನಿನದು ಬೇಗ ಮುಗಿಯುತ್ತದೆ. ಆಳದಲ್ಲಿ ನೀರಿನ ಭಾರಕ್ಕೆ ಒಂದೊಂದು ಉಸಿರಿಗೂ ಮೇಲಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಗಾಳಿ ಖರ್ಚಾಗುತ್ತದೆ. ಹೆದರಿದವನಿಗೆ ಇನ್ನೂ ಹೆಚ್ಚು.

ನನ್ನ ಹತ್ತಿರ ಇದ್ದವು ಮೂರು ಚಿಕ್ಕ ಸಿಲಿಂಡರು, ಮೂರೂ ಹತ್ತು ಬಾರ್‌ಗೆ ಇಳಿದು ಖಾಲಿಯಾದಂಥವೇ. ಏರಿಯ ಮೇಲೆ ಊರೇ ನಿಂತಿತ್ತು. ತುಂಬ್ರಪ್ಪ, ಬೇಗ ತುಂಬ್ರಪ್ಪ ಅಂತ ಎಲ್ಲರೂ ಕೂಗುತ್ತಿದ್ದರು. ಬಸವರಾಜು ಒದ್ದೆ ಮೈಯಲ್ಲಿ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ. "ಅಣ್ಣ, ಸಾಹುಕಾರನ್ನ ತಿರುಗ್ಸಿಬುಡು. ಅವ್ನು ಕೆಳ್ಗೆ ಸಾಯ್ತಾವ್ನೆ. ಕ್ರಮ ಗಿಮ ಆಮ್ಯಾಕೆ ನೋಡಾನ."

ಕ್ರಮವನ್ನು ಮರಳಿನ ಮೇಲೆ ಬರೆಸಿಕೊಂಡು ಕಲಿತವನೇ ಹಾಗೆ ಅಂದ. ಅವನದು ತಪ್ಪು ಅನ್ನಲಾರೆ. ನನ್ನ ಕೈಯೂ ಸಾಹುಕಾರನ ವಾಲ್ವಿನ ಮೇಲೆಯೇ ಇತ್ತು. ತಿರುಗಿಸಿದರೆ ಮೊದಲ ಸಿಲಿಂಡರು ಒಂದೇ ನಿಮಿಷದಲ್ಲಿ ನೂರ ಹದಿನೈದು ಬರುತ್ತಿತ್ತು. ಎರಡನೆಯದು ತೊಂಬತ್ತನಾಲ್ಕು. ಮೂರನೆಯದು ಎಂಬತ್ತೂ ಇಲ್ಲ. ಬಡವನಿಂದ ಹೋದರೆ ಹೊತ್ತಾಗುತ್ತದೆ, ಆದರೆ ಮೂರಕ್ಕೂ ನೂರರ ಮೇಲೆ ಬರುತ್ತದೆ. ಗರಗಸ ಎಷ್ಟು ಹೊತ್ತು ಓಡಬೇಕೋ ಯಾರಿಗೂ ಗೊತ್ತಿಲ್ಲ. ಒಂದು ಸಿಲಿಂಡರಿನಲ್ಲಿ ಮುಗಿಯುವ ಕೆಲಸ ಅಲ್ಲ ಅನ್ನುವುದಷ್ಟೇ ಗೊತ್ತು.

ಸಾಹೇಬರು ಹಗ್ಗ ಬಿಡದೆ, ನನ್ನ ಕಡೆ ತಿರುಗದೆ ಕೇಳಿದರು: "ಪದ್ಮರಾಜ, ಎಷ್ಟು?"

"ನೂರ ಇಪ್ಪತ್ತೆಂಟು, ನೂರ ಹದಿನೆಂಟು, ನೂರ ಎಂಟು ಸಾ."

"ತುಂಬು."

ಸಾಹುಕಾರನಿಂದ ಕೈ ತೆಗೆದು ಬಡವನಿಗೆ ಪೈಪು ಹಾಕಿದೆ. ಐವತ್ತಕ್ಕೆ ನಿಂತಿತು. ನಡುವಿನವನಿಗೆ ಹಾಕಿದೆ, ಎಂಬತ್ತೆರಡು. ಆಮೇಲೆ ಸಾಹುಕಾರ. ಜನ ನನ್ನನ್ನು ಏನೇನು ಬೈದರೋ, ಒಬ್ಬ ನನ್ನ ಹೆಗಲಿಗೇ ಕೈ ಹಾಕಿ ಎಳೆದ. ವಾಲ್ವು ತಿರುಗಿಸುವಾಗ ಬೆರಳು ನಡುಗಿ ನಡುಗಿ ಜಾರುತ್ತಿತ್ತು, ಎರಡೂ ಕೈ ಸೇರಿಸಿ ಹಿಡಿದೆ. ಬಾಯಲ್ಲಿ ಅಮ್ಮ ಹೇಳಿಕೊಟ್ಟ ಣಮೋಕಾರ ಮಂತ್ರ ತಾನಾಗಿ ಬರುತ್ತಿತ್ತು, ಮಧ್ಯೆ ಮಧ್ಯೆ ಅಂಕಿ ಸೇರಿಕೊಳ್ಳುತ್ತಿತ್ತು. ಬೇಗ ಬಿಡು ಬೇಗ ಬಿಡು ಅಂತ ಮನಸ್ಸು ಕೂಗುತ್ತಿದ್ದರೂ ಡ್ರಮ್ಮಿನ ನೀರೊಳಗಿನ ಸಿಲಿಂಡರು ಬೆಚ್ಚಗಾಗಲು ಬಿಡಲಿಲ್ಲ. ಮುಳ್ಳು ನೂರ ಮೂವತ್ತಕ್ಕೆ ಒಂದೆಳೆ ಕೆಳಗೆ ಬಂದು ನಿಂತಿತು. ಬಸವರಾಜು ಅದನ್ನು ಕಿತ್ತುಕೊಂಡು, ಗರಗಸ ಹಿಡಿದು ನೀರಿಗೆ ಹಾರಿದ.

ಎರಡನೆಯದು ತುಂಬುವ ಹೊತ್ತಿಗೆ ಸೂರ್ಯ ಕಂತುತ್ತಿದ್ದ. ಗರಗಸ ಇನ್ನೂ ಅರ್ಧಕ್ಕೆ ಬಂದಿಲ್ಲ ಅಂತ ಬಸವರಾಜು ಹೇಳಿ ಅದನ್ನೂ ಒಯ್ದು ರಂಗಸ್ವಾಮಿಗೆ ಕೊಟ್ಟ. ಮೂರನೆಯದನ್ನು ತನ್ನ ಬೆನ್ನಿಗೇ ಕಟ್ಟಿಕೊಂಡ, ಅವನ ಗಾಳಿಯೂ ಮುಗಿದಿತ್ತು. ಆಮೇಲೆ ನನಗೆ ಮಾಡಲು ಏನೂ ಇರಲಿಲ್ಲ. ತುಂಬಲು ಗಾಳಿ ಇರಲಿಲ್ಲ. ನೀರಿನಿಂದ ಮೇಲೆ ಬರುವ ಗುಳ್ಳೆಗಳನ್ನು ನೋಡುತ್ತಾ ಕೂತೆ. ಒಂದು ಕಡೆಯ ಗುಳ್ಳೆ ಬಸವರಾಜುವಿನದು, ಬುಳಬುಳ ಅಂತ ಒಂದೇ ಸಮ ಬರುತ್ತಿತ್ತು. ಇನ್ನೊಂದು ಕಡೆ ರಂಗಸ್ವಾಮಿಯದು. ಅದು ಬಿಟ್ಟು ಬಿಟ್ಟು, ತೀರ ನಿಧಾನವಾಗಿ ಬರುತ್ತಿತ್ತು. ಪ್ರತಿ ಸಲ ಬಿಟ್ಟಾಗಲೂ ಅವನಿಗೆ ಉಸಿರು ನಿಲ್ಲುತ್ತಿದೆ ಅಂದುಕೊಂಡೆ.

ಕಡೆಗೆ ದಿಮ್ಮಿಯ ತುಂಡು ನೀರಿನ ಮೇಲೆ ಬಂದು ತೇಲಿತು. ಅದರ ಹಿಂದೆಯೇ ಇಬ್ಬರೂ ಬಂದರು. ತೂಬು ಬಿಟ್ಟುಕೊಂಡು ಏರಿಯ ಆ ಕಡೆ ನೀರು ಭೋರ್ ಅಂತು. ರಂಗಸ್ವಾಮಿಯ ಬೆನ್ನಿನ ಮುಳ್ಳು ನೋಡಿದೆ. ಇಪ್ಪತ್ತು ಬಾರ್ ಉಳಿದಿತ್ತು. ಸಾಹುಕಾರನಿಂದ ಮೊದಲು ತುಂಬಿದ್ದರೆ ಆ ಎರಡನೆಯ ಸಿಲಿಂಡರೊಂದರಲ್ಲೇ ಇಪ್ಪತ್ತನಾಲ್ಕು ಕಡಿಮೆ ಇರುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಸಾಹೇಬರು ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಹಗ್ಗ ಸುತ್ತಿಡಲು ಹೋದರು. ನನ್ನ ಸರ್ವಿಸಿನಲ್ಲಿ ಸಿಕ್ಕ ಪ್ರಶಸ್ತಿ ಅದೊಂದೇ ಅಂತ ಬರೆದುಕೊಳ್ಳಿ.

ರಂಗಸ್ವಾಮಿಯನ್ನು ಎತ್ತಿ ಗಾಡಿಗೆ ಹಾಕುವಾಗ ಅವನ ಕಣ್ಣು ಡ್ರಮ್ಮಿನ ಪಕ್ಕದ ಡಬ್ಬಿಯ ಮೇಲೆ ಬಿತ್ತು. ಉಂಡ್ಯಾ ಅಂತ ಕೇಳಿದ. ಇಲ್ಲ, ಕತ್ತಲಾಯಿತು ಅಂದೆ. ಆಸ್ಪತ್ರೆಯಲ್ಲಿ ಅವನಿಗೆ ಇಡ್ಲಿ ತಂದುಕೊಟ್ಟರೆ, ಬೆಳಿಗ್ಗೆ ಪದ್ಮರಾಜನ ಜೊತೆ ತಿನ್ನುತ್ತೇನೆ ಅಂತ ಪಕ್ಕಕ್ಕಿಟ್ಟನಂತೆ.

ಈಗ ನಿಮ್ಮ ಗಾಡಿಯ ಮೇಲೇ ಕಂಪ್ರೆಸರ್ ಇದೆ. ಸಿಲಿಂಡರು ಹಗುರವಾಗಿವೆ, ಗಾಳಿ ಹೆಚ್ಚು ಹಿಡಿಯುತ್ತವೆ. ಲೆಕ್ಕಕ್ಕೆ ಫೋನಿದೆ, ನಾನು ಬಾಯಿ ತೆರೆಯುವ ಮುಂಚೆ ಅದು ಉತ್ತರ ಹೇಳುತ್ತದೆ. ಸಂತೋಷ. ನಾನೇನು ಸೀಮೆಸುಣ್ಣ ಹಿಡಿಯಿರಿ ಅನ್ನುವುದಿಲ್ಲ. ಆದರೆ ಮುಳ್ಳು ಓದುವ ಕಟ್ಟಳೆಯನ್ನು ಹಳೆಯದು ಅಂತ ಕೈಬಿಡಬೇಡಿ. ಯಾಕೆ ಅಂತ ಮಾರನೆಯ ಬೆಳಿಗ್ಗೆ ಹಾಸನದ ಆಸ್ಪತ್ರೆಯಲ್ಲಿ ರಂಗಸ್ವಾಮಿಯೇ ಹೇಳಿದ್ದಾನೆ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಇಬ್ಬರೂ ಇಡ್ಲಿ ತಿನ್ನುತ್ತಿದ್ದೆವು. ಅಷ್ಟು ನಿಧಾನವಾಗಿ ಹೇಗೆ ಉಸಿರಾಡುತ್ತಿದ್ದೆ, ನನಗೆ ಮೇಲೆ ಪ್ರಾಣವೇ ಹೋಗಿತ್ತು ಅಂತ ಕೇಳಿದೆ.

"ಮೊದ್ಲು ನಂಗೂ ಗಾಬ್ರಿನೇ ಕಣಯ್ಯಾ. ಗಾಳೀನ ಗಟಗಟ ಅಂತ ಎಳ್ಕಂಡು ಕುಂತಿದ್ದೆ. ಬಸವರಾಜು ಸಿಲಿಂಡ್ರು ತಂದ್ಕೊಟ್ಟ. ಮುಳ್ಳನ್ನ ಕಣ್ಗೆ ಅಂಟುಸ್ಕಂಡು ಟಾರ್ಚ್ ಬಿಟ್ಟು ನೋಡ್ದೆ, ನೂರ್ ಮೂವತ್ತಕ್ಕೆ ಒಂದೆಳೆ ಕೆಳ್ಗೆ. ಮೇಲೆ ನಾನೇ ಓದಿದ್ನಲ್ಲ, ಅರವತ್ತು, ತೊಂಬತ್ತು, ನೂರ ನಲವತ್ತು. ಸಾಹುಕಾರನ್ನ ಮೊದ್ಲು ತಿರುಗ್ಸಿದ್ರೆ ಅಷ್ಟು ಬರಾಕಿಲ್ಲ. ಅಂಗಾದ್ರೆ ಕ್ರಮ್ವಾಗೇ ತುಂಬವ್ನೆ, ಇನ್ನೂ ಎಲ್ಡು ಬತ್ತವೆ ಅಂತ ಲೆಕ್ಕ ಸಿಕ್ತು." ಚಟ್ನಿಗೆ ಇಡ್ಲಿ ಅದ್ದಿಕೊಂಡು ಮುಂದುವರಿಸಿದ. "ಅಷ್ಟ್ ಜನ ಕೂಗಾಡ್ತಿದ್ರೂ ಪದ್ಮರಾಜ ಒಂಚೂರೂ ಗಾಬ್ರಿ ಬಿದ್ದಿಲ್ಲ, ನಾನ್ಯಾಕೆ ಬೀಳ್ಲಿ ಅಂದ್ಕಂಡು ನಿಧಾನ್ಕೆ ಉಸ್ರು ಬಿಟ್ಕಂಡು ಕುಂತ್ಕಂಡೆ."

ನಾನು ಬಗ್ಗಿ ಇಡ್ಲಿ ತಿಂದೆ. ವಾಲ್ವಿನ ಮೇಲೆ ನನ್ನ ಬೆರಳು ಹೇಗೆ ನಡುಗುತ್ತಿದ್ದವು ಅಂತ ಅವನಿಗೆ ಇವತ್ತಿನವರೆಗೂ ಹೇಳಿಲ್ಲ.